ಕಾವು ಬರುವ ದಾರಿ

ತಲೆಯನ್ನು ಕಾರಿನ ಡ್ಯಾಶ್‌ಬೋರ್ಡಿನ ಕೆಳಗೆ ತೂರಿಸಿ, ಕಾಲುಗಳನ್ನು ತೆರೆದ ಬಾಗಿಲಿನಾಚೆಗೆ ಚಾಚಿ ಅವನು ಅಂಗಾತ ಮಲಗಿದ್ದ. ಶೆಡ್ಡಿನ ಬಾಗಿಲು ಎಳೆದುಕೊಂಡಿದ್ದರಿಂದ ನಡುಹಗಲಲ್ಲೂ ಒಳಗೆ ಮಬ್ಬು. ಬಾನೆಟ್ಟಿನೊಳಗೆ, ಎಂಜಿನ್ನಿನ ಪಕ್ಕದಲ್ಲಿ, ವೈರು ಎಳೆದು ಒಂದು ಬಲ್ಬು ಹಚ್ಚಿಟ್ಟಿದ್ದ. ಬೆಳಕು ನುಸುಳುವ ಕಡೆಯಿಂದಲೇ ಬಿಸಿಯೂ ನುಸುಳುತ್ತದೆ, ಮೊದಲು ಅದನ್ನು ನೋಡಿಕೊಳ್ಳಿ ಎಂದು ಗ್ಯಾರೇಜಿನ ಮೇಸ್ತ್ರಿ ಹೇಳಿದ್ದ. ಒಂದೆರಡು ಕಡೆ ಇದ್ದೀತು ಎಂದುಕೊಂಡು ಕಣ್ಣು ತೆರೆದವನಿಗೆ ಎದುರಿನ ತಗಡಿನ ಗೋಡೆಯ ತುಂಬ ಬೆಳಕಿನ ಚುಕ್ಕೆಗಳು ಕಂಡವು. ಕೇಬಲ್ಲು ಹಾದುಹೋಗುವ ತೂತಿನ ಸುತ್ತ ತೆಳುವಾದ ಬಳೆಯ ಹಾಗೆ, ಪೆಡಲುಗಳ ಹತ್ತಿರ ಸೀಳಿದ ಹಾಗೆ, ಯಾವತ್ತೋ ಬಿದ್ದುಹೋದ ಸ್ಕ್ರೂವಿನ ಜಾಗದಲ್ಲಿ ಸೂಜಿಮೊನೆಯಷ್ಟು. ಎಂಜಿನ್ನಿಗೂ ಮನುಷ್ಯರಿಗೂ ನಡುವೆ ಇರುವುದು ಇದೊಂದೇ ಗೋಡೆ, ಅದೂ ಹೀಗೆ. ಬೆನ್ನಿನಲ್ಲಿ ಅಂಗಿ ಹರಿದಿರುವುದು ಬೀದಿಯವರೆಲ್ಲ ನೋಡಿದ ಮೇಲೆ ತನಗೆ ಗೊತ್ತಾದಂತೆ ಅವನಿಗೆ ನಾಚಿಕೆಯಾಯಿತು. ಈ ಗೋಡೆಯ ಎದುರಿಗೇ, ಪಕ್ಕದ ಸೀಟಿನಲ್ಲಿ, ಅಕ್ಕ ಇಷ್ಟು ವರ್ಷ ಕಾಲಿಟ್ಟುಕೊಂಡು ಕೂತಿದ್ದಳು.

ಹೋದ ಶನಿವಾರ ಮನೆಯ ಮುಂದೆ ಇಳಿದವಳು ಕಾರಿನ ಬಾಗಿಲು ಹಿಡಿದು ನಿಂತು, ಚಪ್ಪಲಿಯಿಂದ ಪಾದವನ್ನು ಹೊರಗೆಳೆದು ತೋರಿಸಿದ್ದಳು. ಅಕ್ಕ ತನ್ನ ಮೈಯ ನೋವನ್ನು ಹೀಗೆ ಎದುರಿಗೆ ಹಿಡಿದು ತೋರಿಸಿದ್ದು ಅವನ ನೆನಪಿನಲ್ಲಿಲ್ಲ. ಪಾದ ಕೆಂಪಗೆ ಊದಿತ್ತು. ಪಟ್ಟಿ ಕೂತ ಕಡೆ ಗೆರೆ ಬಿದ್ದಿತ್ತು. 'ನೋಡು ಈ ಕಾಲು. ಕಾದೂ ಕಾದೂ ಹೇಗಾಗಿದೆ ನೋಡು. ಇನ್ನು ನನ್ನ ಕೈಲಾಗಲ್ಲ ಕಣೋ ಪುಟ್ಟ. ಮುಂದಿನ ವಾರದಿಂದ ನಾನು ಬಸ್ಸಲ್ಲೇ ಹೋಗಿಬರ್ತೀನಿ.' ಮಾತಿನಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ಅವನಿಗೆ ಏನಾದರೂ ಹೇಳಲು ತೋಚುತ್ತಿತ್ತೋ ಏನೋ. 'ಹೂಂ' ಅಂದ. ಅವಳು ಒಳಗೆ ಹೋದ ಮೇಲೆ, ಅವಳು ಕೂತಿದ್ದ ಕಡೆಯ ಮ್ಯಾಟು ಎತ್ತಿ ತಗಡಿನ ಮೇಲೆ ಅಂಗೈ ಇಟ್ಟು ನೋಡಿದ. ಆಗತಾನೆ ಕೆಳಗಿಟ್ಟ ಇಸ್ತ್ರಿಪೆಟ್ಟಿಗೆಯಂತಿತ್ತು. ಕೈ ಚುರ್ರೆಂದಿತು. ಅವನಿಗೆ ಅಷ್ಟೇ ಸಾಕಾಯಿತು.

ಶನಿವಾರದ ಆ ಪ್ರಯಾಣ ತಪ್ಪಿದರೆ ಏನು ಉಳಿಯುತ್ತದೆ ಎಂದು ಅವನು ಆಮೇಲೆ ಒಬ್ಬನೇ ಲೆಕ್ಕ ಹಾಕಲು ಹೋಗಿ ಹೆದರಿದ್ದ. ಇಬ್ಬರೂ ಮದುವೆಯಾಗಲಿಲ್ಲ, ಯಾಕೆಂದು ಕೇಳುವವರೂ ಈಗ ಉಳಿದಿಲ್ಲ. ಒಂದೇ ಮನೆ, ಎದುರುಬದುರು ಎರಡು ಕೋಣೆ. ಅವನು ಮುದ್ರಣಾಲಯದಿಂದ ತಂದ ಕರಡು ಹಾಳೆಗಳನ್ನು ಊಟದ ಮೇಜಿನ ಮೇಲೆ ಹರಡಿ ತಿದ್ದುತ್ತಾನೆ. ಮೇಜಿನಲ್ಲಿ ಜಾಗವಿಲ್ಲದ್ದರಿಂದ ಅಕ್ಕ ಅಡುಗೆಮನೆಯಲ್ಲೇ ನಿಂತು ಉಣ್ಣುತ್ತಾಳೆ, ಅವನದು ಮುಚ್ಚಿಟ್ಟು ಮಲಗುತ್ತಾಳೆ. 'ತಗೋ', 'ಇಟ್ಟಿದ್ದೀನಿ', 'ಬಾಗಿಲು ಹಾಕಿದ್ಯಾ' — ದಿನಕ್ಕೆ ಇಷ್ಟೇ ಮಾತು ಸಾಕಾಗುವ ಮನೆ. ಆದರೆ ಕಾರಿನಲ್ಲಿ ಎದ್ದು ಹೋಗಲು ಬೇರೆ ಕೋಣೆಯಿಲ್ಲ. ಅಕ್ಕ ವಾರಕ್ಕೊಮ್ಮೆ ಊರಿನ ಆ ತುದಿಯ ಆಸ್ಪತ್ರೆಗೆ ಹೋಗಿ, ಅಲ್ಲಿನ ಹೊಲಿಗೆ ಕೋಣೆಯಲ್ಲಿ ಕೂತು ಹರಿದ ಹೊದಿಕೆಗಳಿಗೂ ದಿಂಬಿನ ಚೀಲಗಳಿಗೂ ಹೊಲಿಗೆ ಹಾಕಿ ಬರುತ್ತಾಳೆ. ಯಾರೂ ಕೇಳಿಕೊಂಡದ್ದಲ್ಲ, ಯಾವುದೋ ಹರಕೆಯಂತೆ ಹಿಡಿದದ್ದು. ಹೋಗುವಾಗ ಒಂದಿಷ್ಟು ಹೊತ್ತು, ಬರುವಾಗ ಒಂದಿಷ್ಟು ಹೊತ್ತು ಅವಳು ಅವನ ಪಕ್ಕದಲ್ಲಿ ಇರುತ್ತಾಳೆ. ಎಂಜಿನ್ನಿನ ಸದ್ದಿಗೆ ಮಾತು ಕೇಳುವುದಿಲ್ಲ, ನಿಜ. ಮಾತು ಕೇಳದಿದ್ದರೂ ಅವಳ ಭುಜ ತಿರುವಿನಲ್ಲಿ ಇವನ ಕಡೆಗೆ ವಾಲಿ ಮತ್ತೆ ನೆಟ್ಟಗಾಗುವುದು ಕಣ್ಣಂಚಿಗೆ ಕಾಣುತ್ತದೆ. ಅದನ್ನು ಉಳಿಸಿಕೊಳ್ಳಲೆಂದೇ ಈಗ ಬೆನ್ನಿಗೆ ಸೀಟಿನ ಕಬ್ಬಿಣ ಒತ್ತುತ್ತಿದ್ದರೂ ಅವನು ಅಲುಗದೆ ಮಲಗಿ, ಸೀಮೆಸುಣ್ಣದಿಂದ ಒಂದೊಂದು ಚುಕ್ಕೆಯ ಸುತ್ತಲೂ ಸೊನ್ನೆ ಸುತ್ತುತ್ತಿದ್ದ.

ಸೊನ್ನೆ ಅಂದರೆ ಅವನೇ. ಮುದ್ರಣಾಲಯದಲ್ಲಿ ಅವನಿಗೆ ಅದೇ ಹೆಸರು. ಹೊಸದಾಗಿ ಸೇರಿದಾಗ ಒಂದು ಪುಸ್ತಕದಲ್ಲಿ ಎಲ್ಲರ ಕಣ್ಣು ತಪ್ಪಿಸಿಕೊಂಡಿದ್ದ ಒಂದು ಸೊನ್ನೆಯನ್ನು ಹಿಡಿದುಕೊಟ್ಟಿದ್ದ. ಅದಿಲ್ಲದೆ 'ನಂಬಿದವನು' 'ನಬಿದವನು' ಆಗಿ ಕೂತಿದ್ದ. ಶಹಬ್ಬಾಸ್ ಎಂದು ಅವತ್ತು ಕೊಟ್ಟ ಹೆಸರು, ವರ್ಷಗಳು ಹೋದಂತೆ ಹೊಗಳಿಕೆಯ ಬಣ್ಣ ಕಳೆದುಕೊಂಡು ಬರೀ ಸೊನ್ನೆಯಾಗಿ ಉಳಿಯಿತು. 'ಸೊನ್ನೆ ಬಂತಾ?' 'ಸೊನ್ನೆ ಇವತ್ತು ರಜಾ.' ಇದನ್ನೆಲ್ಲ ಗ್ಯಾರೇಜಿನ ಮೇಸ್ತ್ರಿಯೂ ಬಲ್ಲ. ಅವನ ದನಿ ಸದ್ದಿನ ನಡುವೆ ಬೆಳೆದ ದನಿ, ಗುಟ್ಟು ಹೇಳಿದರೂ ಬೀದಿಗೆ ಕೇಳುತ್ತದೆ. 'ಯಾರಿಗೆ ಸಾರ್ ಕಾಲು ಸುಡೋದು? ಮನೆಯೋರಿಗಾ?' ಎಂದು ಕೇಳಿದ್ದ ಸೋಮವಾರ. 'ಅಕ್ಕನಿಗೆ.' 'ಓ, ಅಕ್ಕನಿಗಾ! ಹೆಂಡ್ತಿ ಅಂದಿದ್ರೆ ಸುಮ್ನೆ ಇದ್ಬಿಡಿ ಅನ್ನೋನಿದ್ದೆ. ಅಕ್ಕ ಅಂದ್ಮೇಲೆ ರಿಪೇರಿ ಮಾಡ್ಲೇಬೇಕು.' ಸ್ಕೂಟರು ಬಿಟ್ಟು ನಿಂತಿದ್ದ ಇಬ್ಬರು ನಕ್ಕರು. ಇವನೂ ನಕ್ಕ. ನಗದಿದ್ದರೆ ಇನ್ನೊಮ್ಮೆ ಹೇಳಿಯಾನು ಎಂಬ ಭಯಕ್ಕೆ ನಕ್ಕ. 'ಬಿಟ್ಟೋಗಿ, ಬುಧವಾರ ಕೊಡ್ತೀನಿ.' 'ಬೇಡ, ನಾನೇ ಮಾಡ್ತೀನಿ.' 'ನೀವಾ? ಪೆನ್ಸಿಲ್ ಹಿಡಿಯೋ ಕೈಯಲ್ಲಾ? ತಪ್ಪಾದ್ರೆ ಇಲ್ಲಿ ರಬ್ಬರ್ ಹಾಕಿ ಉಜ್ಜೋಕಾಗಲ್ಲ ನೋಡಿ.' ಆದರೂ ಬೇಕಾದದ್ದೆಲ್ಲ ಕಟ್ಟಿಕೊಟ್ಟ. ತೂತು ಮುಚ್ಚಲು ರಬ್ಬರು ಬಿಲ್ಲೆಗಳು, ಸಂದಿಗೆ ಮೆತ್ತಲು ಕಪ್ಪು ಅಂಟು, ಒಂದು ಮೈ ಬೆಳ್ಳಿಹಾಳೆ ಇನ್ನೊಂದು ಮೈ ಡಾಂಬರಿನಂಥ ದಪ್ಪ ಹಾಸು, ಹೊಗೆ ಕೊಳವೆಗೆ ಸುತ್ತಲು ಬಟ್ಟೆಯಂಥ ಪಟ್ಟಿ. 'ಕೊಳವೆಗೂ ನೆಲಕ್ಕೂ ನಡುವೆ ಒಂದು ತಗಡು ಕಟ್ಟಿ. ಆದ್ರೆ ತಾಗಿಸ್ಬೇಡಿ, ಸ್ವಲ್ಪ ಗಾಳಿಯಾಡ್ಲಿ. ಒತ್ಕೊಂಡ್ರೆ ಅದೂ ಕಾಯುತ್ತೆ.'

ಹಳೆಯ ಸೆಣಬಿನ ಹಾಸು ಕಿತ್ತರೆ ಕೈಯಲ್ಲೇ ಪುಡಿಯಾಯಿತು. ಅದರಡಿಯಿಂದ ಅಪ್ಪನ ಕಾಲದ ಧೂಳು, ಒಂದು ಅಂಗಿಗುಂಡಿ, ಅಕ್ಕನ ತಲೆಯ ಪಿನ್ನುಗಳು. ಪಿನ್ನುಗಳು ಇಷ್ಟೊಂದು ಉದುರಿದ್ದರೂ ಅವಳು ಒಮ್ಮೆಯೂ ಬಗ್ಗಿ ಹುಡುಕಿದ್ದನ್ನು ಅವನು ಕಂಡಿರಲಿಲ್ಲ. ಅಥವಾ ಹುಡುಕಿದ್ದಳು, ಇವನು ರಸ್ತೆ ನೋಡುತ್ತಿದ್ದ. ಅಪ್ಪ ಈ ಕಾರನ್ನು ಬಿಟ್ಟುಹೋದದ್ದು ಯಾರಿಗೆ ಎಂದು ಯಾರೂ ಕೇಳಿರಲಿಲ್ಲ. ಕೀಲಿ ಇವನ ಜೇಬಿನಲ್ಲಿತ್ತು, ಹಾಗಾಗಿ ಇವನದಾಯಿತು. ತೂತುಗಳಿಗೆ ರಬ್ಬರು ಒತ್ತುತ್ತ ಹೋದಂತೆ ಬೆಳಕಿನ ಚುಕ್ಕೆಗಳು ಒಂದೊಂದಾಗಿ ಆರುತ್ತಿದ್ದವು. ಕರಡಿನಲ್ಲಿ ತಪ್ಪು ಹೊಡೆದುಹಾಕುವಾಗಿನ ಸಮಾಧಾನವೇ ಇದು, ಅಲ್ಲ, ಅದಕ್ಕಿಂತ ಹೆಚ್ಚಿನದು. ಕರಡಿನ ತಪ್ಪು ಯಾರ ಕಾಲನ್ನೂ ಸುಡುವುದಿಲ್ಲ. ಬೆಳ್ಳಿಹಾಸನ್ನು ನೆಲದ ಏರುತಗ್ಗಿಗೆ ಕೂರುವಂತೆ ಉರುಳಿಸಿ ಒತ್ತಬೇಕಿತ್ತು, ಒಳಗೆ ಗಾಳಿಗುಳ್ಳೆ ಉಳಿಯಬಾರದು. ಉರುಳಿಸಲು ಅವನು ಅಡುಗೆಮನೆಯಿಂದ ಲಟ್ಟಣಿಗೆ ತಂದುಕೊಂಡಿದ್ದ.

ಶೆಡ್ಡಿನ ಬಾಗಿಲು ಕಿರುಗುಟ್ಟಿ ಹಗಲು ಒಮ್ಮೆಗೇ ಒಳಗೆ ಬಿತ್ತು. 'ಲಟ್ಟಣಿಗೆ ಎಲ್ಲೋ?' ಅಕ್ಕ. ಅವನು ಮಲಗಿದ್ದಲ್ಲಿಂದಲೇ ಕೈ ಮಾತ್ರ ಎತ್ತಿ ತೋರಿಸಿದ. 'ಅಯ್ಯೋ, ಅಂಟು ಮೆತ್ತಿಬಿಟ್ಟಿದ್ದೀಯಲ್ಲೋ! ಏನು, ಕಾರಿಗೆ ಹಿಟ್ಟು ಲಟ್ಟಿಸ್ತಿದ್ದೀಯಾ? ಎರಡು ದಿನದಿಂದ ನಿನ್ನ ಕಾಲು ಬಿಟ್ರೆ ಬೇರೇನೂ ಕಾಣ್ತಿಲ್ಲ ನನಗೆ.' 'ತೊಳೆದುಕೊಡ್ತೀನಿ.' 'ಬೇಡ, ಇನ್ನು ಅದು ಕಾರಿನ ಲಟ್ಟಣಿಗೆ. ಇಟ್ಕೋ.' ಅವಳು ತಿರುಗಿ ಹೊರಡುವಷ್ಟರಲ್ಲಿ ಅವನು ಡ್ಯಾಶ್‌ಬೋರ್ಡಿನ ಕೆಳಗಿನಿಂದಲೇ ಹೇಳಿದ, ಮುಖ ಕಾಣದಿರುವುದೇ ಅನುಕೂಲವಾಗಿತ್ತು: 'ಈ ಶನಿವಾರ ಒಂದು ಸಲ ಕಾರಲ್ಲೇ ಬಾ ಅಕ್ಕ. ಆಮೇಲೆ ನಿನ್ನಿಷ್ಟ.' ಅವಳ ಪಾದಗಳು ಮಾತ್ರ ಅವನಿಗೆ ಕಾಣುತ್ತಿದ್ದವು, ಊತ ಇಳಿದಿತ್ತು. 'ಆಯ್ತು, ಈ ಶನಿವಾರ' ಎಂದಳು. ಬಾಗಿಲು ಮತ್ತೆ ಮುಚ್ಚಿತು. ಬಲ್ಬು ಉರಿಯುತ್ತಲೇ ಇದ್ದರೂ ಗೋಡೆಯಲ್ಲಿ ಒಂದು ಚುಕ್ಕೆಯೂ ಇರಲಿಲ್ಲ. ಅವನು ಕತ್ತಲಲ್ಲಿ ಒಂದಿಷ್ಟು ಹೊತ್ತು ಹಾಗೇ ಮಲಗಿದ್ದ.

ಶನಿವಾರ ಅವಳು ಹತ್ತಿ ಕೂತು, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಬಾಗಿಲೆಳೆದಾಗಲೇ ಅವನಿಗೆ ಏನೋ ಬೇರೆಯಾಗಿದೆ ಅನ್ನಿಸಿತು. ಬಾಗಿಲು ಧಡ್ಡೆನ್ನಲಿಲ್ಲ; ಗೋಣಿಚೀಲ ಬಿದ್ದಂತೆ ಮೆತ್ತಗೆ ಕೂತಿತು. ಎಂಜಿನ್ನು ಹೊತ್ತಿಕೊಂಡದ್ದು ಪಕ್ಕದ ಮನೆಯಲ್ಲಿ ಯಾರೋ ಮಾತಾಡುತ್ತಿರುವಂತೆ ಕೇಳಿಸಿತು. ಬಿಸಿ ತಡೆಯುವ ಹಾಸು ಸದ್ದನ್ನೂ ತಡೆಯುತ್ತದೆಂದು ಮೇಸ್ತ್ರಿ ಹೇಳಿದ್ದನೋ ಇಲ್ಲವೋ, ಹೇಳಿದ್ದರೂ ಅವನ ಕಿವಿಗೆ ಬಿದ್ದಿರಲಿಲ್ಲ. ಊರಿನೊಳಗಿನ ರಸ್ತೆ ದಾಟಿ ಕಾರು ದೊಡ್ಡ ರಸ್ತೆಗೆ ಬಂದು, ಎಂದಿನಂತೆ ಗುಡುಗಬೇಕಾದ ಹೊತ್ತಿನಲ್ಲಿಯೂ ಒಳಗೆ ತಣ್ಣಗೆ, ಮೌನವಾಗಿ ಇತ್ತು. ಅವನು ಎರಡು ಮೂರು ಸಲ ಕಣ್ಣು ಹೊರಳಿಸಿ ಅವಳ ಕಾಲು ನೋಡಿದ. ಪಾದಗಳು ಜೋಡಿಯಾಗಿ ನೆಲದ ಮೇಲೆ ಸುಮ್ಮನೆ ಇದ್ದವು. ಹಿಂದೆಲ್ಲ ಅವಳು ಒಂದನ್ನು ಎತ್ತಿ ಇನ್ನೊಂದರ ಮೇಲಿಡುತ್ತಿದ್ದಳು. ಈಗ ಇಲ್ಲ. ಅವಳು ಏನಾದರೂ ಹೇಳುತ್ತಾಳೆಂದು ಅವನು ನಿರೀಕ್ಷಿಸಿದ, ತಾನೇ ಕೇಳಬಹುದಿತ್ತು. ಆದರೆ ಇಷ್ಟು ಮೌನದಲ್ಲಿ ಕೇಳಿದ ಮಾತು ಎಷ್ಟು ದೊಡ್ಡದಾಗಿ ಬೀಳುತ್ತದೋ ಎಂದು ಹಿಂಜರಿದ. ಸದ್ದಿದ್ದಾಗ ಮಾತಾಡದಿರುವುದಕ್ಕೆ ಸದ್ದೇ ಕಾರಣ ಎಂದುಕೊಳ್ಳಬಹುದಾಗಿತ್ತು. ಆ ಸೌಕರ್ಯವನ್ನು ತಾನೇ ಕೈಯಾರೆ, ಲಟ್ಟಣಿಗೆ ಉರುಳಿಸಿ, ಇಲ್ಲವಾಗಿಸಿದ್ದು ಅವನಿಗೆ ಈಗ ತಿಳಿಯತೊಡಗಿತು.

ಆಗ ಆ ಸಣ್ಣ ಸದ್ದು ಕೇಳಿಸಿತು. ಮೊದಲು ಅವನು ಯಾವುದೋ ಸ್ಕ್ರೂ ಸಡಿಲಾಗಿದೆ ಎಂದುಕೊಂಡ. ಡ್ಯಾಶ್‌ಬೋರ್ಡನ್ನು ಅಂಗೈಯಿಂದ ಒತ್ತಿದ, ನಿಲ್ಲಲಿಲ್ಲ. ಕಿಟಕಿಯ ಗಾಜೇ ಎಂದು ನೋಡಿದ. ಒಂದು ಲಯವಿತ್ತು ಅದಕ್ಕೆ, ಏರಿ, ನಿಂತು, ಇಳಿದು, ಮತ್ತೆ ಅಲ್ಲಿಗೇ ಬರುವ ಲಯ. ಚಕ್ರದ ಬೇರಿಂಗೋ ಎಂದು ಗಾಬರಿಯಾಗುವಷ್ಟರಲ್ಲಿ ಅದು ಅಕ್ಕನ ಬಾಯಿಂದ ಬರುತ್ತಿದೆ ಎಂದು ಗೊತ್ತಾಯಿತು. ಅವಳು ಹೊರಗೆ ನೋಡುತ್ತಿದ್ದಳು. ತುಟಿ ಅಲುಗಿದ್ದೂ ಅಲುಗದಷ್ಟು. ಇಷ್ಟು ವರ್ಷ ಅವಳು ಕಾರಿನಲ್ಲಿ ಸುಮ್ಮನೆ ಕೂತಿರುತ್ತಾಳೆ ಎಂದೇ ಅವನು ತಿಳಿದಿದ್ದ. ಅವಳು ಹೀಗೆ ಪ್ರತಿ ಶನಿವಾರ, ಎಂಜಿನ್ನಿನ ಗುಡುಗಿನಡಿಯಲ್ಲಿ, ಅವನ ಪಕ್ಕದಲ್ಲೇ, ಹೇಳಿಕೊಳ್ಳುತ್ತ ಬಂದಿದ್ದಳು.

ಬೇವ ನಾರೀ... ಬೇಗೆ ತಣಿವನಕ. ಕಾವ ನಾರೀ... ದಾರಿ ಸವೆವನಕ.

ಅಪ್ಪ ಬೆಳಗಿನ ಜಾವ ಹೇಳುತ್ತಿದ್ದ ಪದ್ಯ. ಅಪ್ಪನಿಗೆ ಯಾರು ಕಲಿಸಿದ್ದೋ, ಯಾವ ಪುಸ್ತಕದಲ್ಲೂ ಅದು ಆಮೇಲೆ ಅವನಿಗೆ ಸಿಕ್ಕಿರಲಿಲ್ಲ. ಅವರ ಮನೆಯಲ್ಲಿ ದೇವರ ಪಟಕ್ಕಿಂತ ಮೊದಲು ದೇವರ ಸದ್ದು ಇತ್ತು. ಪಕ್ಕದ ಕೋಣೆಯಿಂದ ಅಪ್ಪನ ದನಿ ಬರುತ್ತಿರುವಾಗ ಹೊದಿಕೆಯೊಳಗೆ ಕಣ್ಣು ಮುಚ್ಚಿ ಕೇಳುತ್ತ ಮಲಗುವುದೇ ಅವನಿಗೆ ಗೊತ್ತಿದ್ದ ಪೂಜೆ. ಹಾಗೆ ಕೇಳಿ ಕಲಿತದ್ದನ್ನು ಒಂದು ದಿನ ಅಪ್ಪನ ಗೆಳೆಯರ ಮುಂದೆ ನಿಂತು ಹೇಳಿದ. 'ಕಾವನ್ ಆರ್ ಈ ದಾರಿ ಸವೆವನಕ', ಈ ದಾರಿ ಸವೆಯುವ ತನಕ ಕಾಯುವವನು ಯಾರು, ಎಂದು ಬಿಡಿಸಬೇಕಾದ್ದನ್ನು ಅವನು 'ಕಾವ ನಾರೀ' ಎಂದು ಮುರಿದು, ಅಲ್ಲಿ ಉಸಿರು ತೆಗೆದುಕೊಂಡು, 'ದಾರಿ ಸವೆವನಕ' ಎಂದಿದ್ದ. ಬೇಯುವವನು ಯಾರು ಎಂಬುದು ಬೇಯುವ ಹೆಂಗಸಾದಳು, ಕಾಯುವವನು ಯಾರು ಎಂಬುದು ಕಾಯುವ ಹೆಂಗಸಾದಳು. ಗೆಳೆಯರೆಲ್ಲ ಬಿದ್ದು ಬಿದ್ದು ನಕ್ಕರು. 'ಯಾವ ನಾರಿಯೋ? ಯಾರ ಮನೆಯವಳೋ?' ಅಪ್ಪನೂ ನಕ್ಕ, ಅದೇ ಹೆಚ್ಚು ಚುಚ್ಚಿದ್ದು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಕ್ಕ ಮಾತ್ರ ನಗಲಿಲ್ಲ. 'ಹೀಗೂ ಚೆನ್ನಾಗಿದೆ' ಅಂದಿದ್ದಳು. ಯಾರಿಗೂ ಕೇಳದಷ್ಟು ಮೆಲ್ಲಗೆ ಅಂದಿದ್ದಳು, ಇವನಿಗೆ ಕೇಳಿಸಿತ್ತು. ಅವತ್ತಿನಿಂದ ಅವನು ಪದ ಒಡೆಯುವುದರಲ್ಲಿ ಎಂದೂ ತಪ್ಪಲಿಲ್ಲ. ಅದನ್ನೇ ಹೊಟ್ಟೆಪಾಡು ಮಾಡಿಕೊಂಡ. ಅವಳು ಆ ತಪ್ಪನ್ನೇ ಇಟ್ಟುಕೊಂಡಿದ್ದಳು. ಅದೇ ಕಡೆ ಮುರಿದು, ಅದೇ ಕಡೆ ಉಸಿರು ತೆಗೆದುಕೊಳ್ಳುತ್ತಿದ್ದಳು. ಕಾವ ನಾರೀ. ಅವನಿಗೆ ಏನೋ ಹೇಳಬೇಕೆನ್ನಿಸಿತು. ಅದು ಯಾವ ಮಾತಾಗಿ ಹೊರಬರಬೇಕಿತ್ತೋ ಅವನಿಗೆ ಗೊತ್ತಿರಲಿಲ್ಲ. ಬಂದದ್ದು ಮಾತ್ರ, ಬದುಕೆಲ್ಲ ಪೆನ್ಸಿಲು ಹಿಡಿದ ಚಾಳಿಯಿಂದ, ಇಷ್ಟು:

'ಕಾವನ್... ಆರ್... ಈ.'

ಅಕ್ಕ ತಟ್ಟನೆ ನಿಲ್ಲಿಸಿದಳು. ನಲ್ಲಿ ತಿರುಗಿಸಿದ ಹಾಗೆ ಸದ್ದು ನಿಂತಿತು. ಕಿಟಕಿಯಿಂದ ಮುಖ ತಿರುಗಿಸದೆಯೇ ಕೇಳಿದಳು: 'ಕೇಳಿಸ್ತಾ?'

'ಕೇಳಿಸ್ತು.'

'ಯಾವಾಗ್ಲೂ ಕೇಳಿಸ್ತಿತ್ತಾ?'

'ಇಲ್ಲ. ಇವತ್ತೇ ಮೊದಲು.'

'ಸದ್ಯ' ಅಂದಳು. ಚೀಲದ ಹಿಡಿಯನ್ನು ಎರಡು ಸುತ್ತು ಬೆರಳಿಗೆ ಸುತ್ತಿಕೊಂಡಳು. ಅವನು ಮುಂದಿನ ಲಾರಿಯನ್ನು ದಾಟುವ ಅಗತ್ಯವಿಲ್ಲದಿದ್ದರೂ ದಾಟಿದ. ಹೇಳು, ನಿಲ್ಲಿಸಬೇಡ, ನೀನು ಹೇಳಿದ್ದೇ ಸರಿ ಎಂದು ಹೇಳಲು ಇನ್ನೂ ಹೊತ್ತಿತ್ತು. ಒಂದು ಸೇತುವೆ ಬಂದು ಹೋಯಿತು, ಹೊತ್ತು ಮೀರಿತು. ಸ್ವಲ್ಪ ದೂರ ಹೋದ ಮೇಲೆ ಅವಳೇ, ಬೇರೆ ಮಾತು ಹುಡುಕುವವಳಂತೆ, ಸುತ್ತ ನೋಡಿ, 'ಅದಿರಲಿ, ಏನೋ ಮಾಡಿದ್ದೀಯ ಇದಕ್ಕೆ? ಕಿವಿಗೆ ಹತ್ತಿ ತುರುಕಿದ ಹಾಗಿದೆ' ಅಂದಳು.

'ಬಿಸಿ ಬರಬಾರದು ಅಂತ. ನಿನ್ನ ಕಾಲಿಗೆ.'

'ನನ್ನ ಕಾಲಿಗಾ? ಯಾಕೆ?'

'ನೀನೇ ಹೇಳಿದ್ಯಲ್ಲ ಅಕ್ಕ. ಕಾದೂ ಕಾದೂ ಹೀಗಾಗಿದೆ ಅಂತ.'

ಅವಳು ಈಗ ಪೂರ್ತಿ ಅವನ ಕಡೆ ತಿರುಗಿದಳು. ಒಂದು ಗಳಿಗೆ ಅರ್ಥವಾಗಲಿಲ್ಲ, ಆಮೇಲೆ ಆಯಿತು. ಆದದ್ದೇ ನಗು ಒತ್ತರಿಸಿ ಬಂತು. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಅವಳು ಹೀಗೆ ನಕ್ಕು ಎಷ್ಟು ಕಾಲವಾಗಿತ್ತೆಂದರೆ, ಯಾತಕ್ಕೆಂದು ತಿಳಿಯುವ ಮೊದಲೇ ಅವನೂ ನಗತೊಡಗಿದ್ದ. 'ಅಯ್ಯೋ ದೇವರೇ, ಕಾಲು ಕಾದಿದ್ದಲ್ವೋ! ನಾನು ಕಾದಿದ್ದು. ನಾನು! ಆಸ್ಪತ್ರೆ ಗೇಟ್ ಹತ್ರ, ನಿಂತ್ಕೊಂಡು, ನೀನು ಬರೋತನಕ. ಅಲ್ಲಿ ಕೂರೋಕೆ ಒಂದು ಕಲ್ಲೂ ಇಲ್ಲ. ನಿಂತೂ ನಿಂತೂ ಕಾಲು ಊದದೆ ಇನ್ನೇನಾಗುತ್ತೆ? ಕಾಯೋದಕ್ಕೂ ಕಾಯೋದಕ್ಕೂ ವ್ಯತ್ಯಾಸ ಗೊತ್ತಾಗಲ್ವೇನೋ ನಿನಗೆ? ಪುಸ್ತಕ ತಿದ್ದೋನಂತೆ, ಪುಸ್ತಕ!' ನಗು ತಾನಾಗಿ ಇಳಿಯಿತು. ಇಳಿದ ಮೇಲೆ ಉಳಿದದ್ದು ಇಬ್ಬರಿಗೂ ಕಂಡಿತು. 'ಬಿಸಿ ಏನು ಮಾಡಿತ್ತು ನನಗೆ? ಹಿತವಾಗೇ ಇತ್ತು ಅದು' ಅಂದಳು ಅವಳು, ತನಗೇ ಹೇಳಿಕೊಳ್ಳುವಂತೆ.

ಅವಳನ್ನು ಇಳಿಸಿ ಅವನು ಪ್ರತಿ ಶನಿವಾರ ಗ್ಯಾರೇಜಿಗೆ ಹೋಗುತ್ತಿದ್ದ. ಏನಾದರೊಂದು ಇರುತ್ತಿತ್ತು, ಪ್ಲಗ್ಗು, ಬೆಲ್ಟು, ತೊಟ್ಟಿಕ್ಕುವ ಎಣ್ಣೆ. ಬಾನೆಟ್ಟಿನೊಳಗೆ ತಲೆ ಹಾಕಿದರೆ ಹೊತ್ತು ಅನ್ನುವುದು ಬೇರೆಯವರ ಸಂಗತಿಯಾಗುತ್ತಿತ್ತು. ಗೇಟಿನ ಹತ್ತಿರ ಬಂದಾಗ ಅವಳು ಚೀಲ ಹಿಡಿದು ನಿಂತಿರುತ್ತಿದ್ದಳು. ಈಗತಾನೆ ಬಂದು ನಿಂತಳು ಎಂದು ಅವನು ಪ್ರತಿ ಸಲವೂ ತಿಳಿದಿದ್ದ. ನಿಂತಿರುವವರನ್ನು ನೋಡಿದರೆ ಎಷ್ಟು ಹೊತ್ತಿನಿಂದ ನಿಂತಿದ್ದಾರೆ ಎಂದು ತಿಳಿಯುವುದಿಲ್ಲ. ಅವಳು ಕಾಲು ತೋರಿಸಿ ಹೇಳಿದ್ದಳು, ಬಾಯಿಬಿಟ್ಟು, ಸರಿಯಾದ ಮಾತಿನಲ್ಲಿ. ಅವನು ಅದನ್ನು ತನ್ನ ಎಂಜಿನ್ನಿನ ಮಾತಾಗಿ ಓದಿಕೊಂಡಿದ್ದ. ದಿನಗಟ್ಟಲೆ ಅಂಗಾತ ಮಲಗಿ, ಇಲ್ಲದ ತಪ್ಪನ್ನು ಅಷ್ಟು ಅಚ್ಚುಕಟ್ಟಾಗಿ ತಿದ್ದಿದ್ದ. ಸ್ಟಿಯರಿಂಗು ಹಿಡಿದ ಕೈಗಳು ಅವನಿಗೆ ಬೇರೆ ಯಾರದೋ ಕೈಗಳಂತೆ ಕಂಡವು. ಉಗುರಿನ ಸಂದಿಯಲ್ಲಿ ಕಪ್ಪು ಅಂಟು ಇನ್ನೂ ಇತ್ತು.

ಆಸ್ಪತ್ರೆಯ ಗೇಟಿನ ಮುಂದೆ ಅವಳು ಇಳಿದಳು. 'ಇವತ್ತು ಎಲ್ಲಿಗೂ ಹೋಗಲ್ಲ. ಇಲ್ಲೇ ಇರ್ತೀನಿ' ಅಂದ ಅವನು. ಅವಳು ಬಗ್ಗಿ ಕಿಟಕಿಯಿಂದ ಅವನ ಮುಖ ನೋಡಿದಳು. ನಂಬಬೇಕೆಂದು ಆಸೆಯಿರುವವರ ನೋಟ. 'ಬೇಡ ಬಿಡೋ. ಬಸ್ಸಿದೆ.' 'ಇರ್ತೀನಿ ಅಂದ್ನಲ್ಲ ಅಕ್ಕ. ನೀನು ಹೊರಗೆ ಬಂದಾಗ ಇಲ್ಲೇ ಇರ್ತೀನಿ.' 'ಹೂಂ' ಅಂದು ಅವಳು ಒಳಗೆ ಹೋದಳು.

ಅವನಿಗೆ ಕಾಯುವ ಅಭ್ಯಾಸವಿರಲಿಲ್ಲ. ಸೀಟಿನಲ್ಲಿ ಕೂತ, ಇಳಿದ, ಕಾರಿಗೆ ಒರಗಿದ, ಗೇಟಿನ ಒಳಗಿನ ಬಾಗಿಲನ್ನು ನೋಡಿದ. ಅವಳು ನಿಲ್ಲುವ ಜಾಗ ಯಾವುದೆಂದು ಗೊತ್ತಿತ್ತು, ಗೇಟಿನ ಕಂಬದ ಪಕ್ಕದಲ್ಲಿ. ಅಲ್ಲಿಗೆ ಹೋಗಿ ನಿಂತು ನೋಡಿದ. ಅಲ್ಲಿಂದ ರಸ್ತೆಯ ತಿರುವು ಕಾಣುತ್ತದೆ. ಬರುವ ಪ್ರತಿಯೊಂದು ಗಾಡಿಯೂ ಮೊದಲು ತನ್ನದೇ ಎನ್ನಿಸಿ ಆಮೇಲೆ ಬೇರೆಯವರದಾಗುತ್ತದೆ. ಕಂಬದ ನೆರಳು ಒಬ್ಬರಿಗೆ ಸಾಲದಷ್ಟು ತೆಳ್ಳಗಿತ್ತು. ಮೊಣಕಾಲು ನೋಯತೊಡಗಿದಾಗ ಅವನಿಗೆ ಒಂದು ಬಗೆಯ ತೃಪ್ತಿಯಾಯಿತು, ಆ ತೃಪ್ತಿಯ ಬಗ್ಗೆ ಕೂಡಲೇ ಅಸಹ್ಯವೂ ಆಯಿತು. ವಾಚ್‌ಮನ್ ತನ್ನ ಪೆಟ್ಟಿಗೆಯಂಥ ಕೋಣೆಯಿಂದ ಇಣುಕಿ, 'ಏನ್ ಯಜಮಾನ್ರೇ, ಇವತ್ತು ಬೇಗ ಬಂದ್ಬಿಟ್ಟಿದ್ದೀರಾ? ಸೂರ್ಯ ಯಾವ ಕಡೆ ಹುಟ್ಟಿದ ನೋಡ್ಬೇಕು' ಅಂದ. ಅಕ್ಕ ಕಾಯುವುದು ವಾಚ್‌ಮನ್‌ಗೂ ಗೊತ್ತು. ಊರಿಗೆಲ್ಲ ಗೊತ್ತಿರಬಹುದು.

ಅವಳು ಬಂದ ಕೂಡಲೇ ಹೊರಡಬೇಕೆಂದು ಅವನು ಹೋಗಿ ಎಂಜಿನ್ನು ಶುರು ಮಾಡಿಟ್ಟ. ಅದು ನಿಂತಲ್ಲೇ ಓಡಿ ಚೆನ್ನಾಗಿ ಕಾದ ಮೇಲೆ ಬಾನೆಟ್ಟಿನ ಅಂಚಿನಿಂದ ಒಂದು ಎಳೆ ಹೊಗೆ ಏಳುವುದು ಕಂಡಿತು. ಕೊಳವೆಗೆ ಸುತ್ತಿದ ಹೊಸ ಪಟ್ಟಿ ಮೊದಮೊದಲು ಕಾದಾಗ ಹೊಗೆ ಬಿಡುತ್ತದೆ, ಹೆದರಬೇಡಿ ಎಂದು ಮೇಸ್ತ್ರಿ ಹೇಳಿದ್ದು ನೆನಪಿತ್ತು. ಆದರೂ ಅಕ್ಕ ಬರುವ ಹೊತ್ತಿಗೆ ಹೊಗೆ ಕಾಣಬಾರದು. ಅವಳಿಗೆ ಇನ್ನೊಂದು ಕಾರಣ ಸಿಗಬಾರದು. ಎಂಜಿನ್ನು ಆರಿಸಿ ಬಾನೆಟ್ಟು ಎತ್ತಿ ಬಗ್ಗಿದ. ಪಟ್ಟಿಯ ಒಂದು ತುದಿ ಬಿಚ್ಚಿಕೊಂಡು ಕೊಳವೆಯ ಮೇಲೆ ಕರಕಲಾಗುತ್ತಿತ್ತು. ಕಟ್ಟಿದ್ದ ತಂತಿ ಸಡಿಲ. ಇಕ್ಕಳ ತಂದು, ಕೈ ಸುಡದಂತೆ ಕರ್ಚೀಫು ಸುತ್ತಿಕೊಂಡು, ತಂತಿ ಬಿಗಿಯತೊಡಗಿದ. ತುದಿ ಸಿಗಲಿಲ್ಲ. ಸಿಕ್ಕಿ ಜಾರಿತು. ಇನ್ನೊಂದು ಸುತ್ತು ಹಾಕಿದರೆ ಚೆನ್ನ ಅನ್ನಿಸಿ ಬಿಚ್ಚಿ ಮತ್ತೆ ಸುತ್ತಿದ. ಹೊಗೆ ನಿಂತಿತು. ತಗಡಿನ ಗೋಡೆಯ ಮೇಲೆ ಅಂಗೈ ಇಟ್ಟು ನೋಡಿದ. ಈ ಮಗ್ಗುಲಲ್ಲಿ ಅದು ಬೆಂಕಿಯಂತಿತ್ತು. ಎಲ್ಲ ಬಿಸಿಯೂ ಇಲ್ಲೇ, ತಾನು ನಿಂತ ಕಡೆಯಲ್ಲೇ, ಉಳಿದಿತ್ತು. ಬೆನ್ನು ನೆಟ್ಟಗೆ ಮಾಡಿ, ಬಾನೆಟ್ಟು ಇಳಿಸಿ, ಕೈ ಒರೆಸಿಕೊಳ್ಳುತ್ತ ತಿರುಗಿದ.

'ನಿಮ್ಮ ಅಕ್ಕ ಹೋದ್ರಲ್ಲ' ಅಂದ ವಾಚ್‌ಮನ್.

'ಎಲ್ಲಿಗೆ? ಯಾವಾಗ ಬಂದ್ರು?'

'ಬಂದು ಸುಮಾರು ಹೊತ್ತು ಇಲ್ಲೇ ನಿಂತಿದ್ರು, ಕಂಬದ ಹತ್ರ. ನಿಮ್ಮನ್ನೇ ನೋಡ್ತಿದ್ರು. ಕರೀಲಾ ಅಮ್ಮಾ ಅಂದೆ. ಬೇಡಪ್ಪ, ಕೆಲಸದಲ್ಲಿದ್ದಾನೆ ಅಂದ್ರು. ನಾಲ್ಕು ಹೆಜ್ಜೆ ದೂರ ಇದ್ರಿ ನೀವು! ಆಮೇಲೆ ಬಸ್ ಬಂತು, ಹತ್ಕೊಂಡ್ರು.' ಅವನ ಮುಖ ನೋಡಿ ವಾಚ್‌ಮನ್‌ಗೂ ಏನೋ ಆಗಿರಬೇಕು, ಪೆಟ್ಟಿಗೆಯಿಂದ ಹೊರಗೆ ಬಂದು ಕೈಚಾಚಿದ. 'ಅದೋ, ಸಿಗ್ನಲ್ಲಲ್ಲಿ ನಿಂತಿದೆಯಲ್ಲ, ಅದೇ ಬಸ್ಸು. ಬೇಗ ಹೋದ್ರೆ ಸಿಗುತ್ತೆ.'

ಸಿಕ್ಕಿತು. ಸಿಗ್ನಲ್ಲು ಬಿಡುವಷ್ಟರಲ್ಲಿ ಅವನು ಬಸ್ಸಿನ ಪಕ್ಕಕ್ಕೆ ಬಂದಿದ್ದ. ಅಕ್ಕ ಕಿಟಕಿಯ ಹತ್ತಿರವೇ ಕೂತಿದ್ದಳು, ಚೀಲ ತೊಡೆಯ ಮೇಲೆ. ಹಾರನ್ನು ಒತ್ತಲು ಕೈ ಹೋಯಿತು. ಹೋದ ಕೈ ಅಲ್ಲೇ ನಿಂತಿತು. ಅವಳ ತುಟಿಗಳು ಅಲುಗುತ್ತಿದ್ದವು. ಬಸ್ಸಿನ ಎಂಜಿನ್ನು ನಿಂತಲ್ಲೇ ಗಡಗಡ ನಡುಗುತ್ತಿತ್ತು, ಕಿಟಕಿಯ ಗಾಜುಗಳು ಅದರೊಂದಿಗೆ ನಡುಗುತ್ತಿದ್ದವು, ಅವಳ ಪಕ್ಕದಲ್ಲಿ ಕೂತಾಕೆ ಕಣ್ಣು ಮುಚ್ಚಿ ತೂಕಡಿಸುತ್ತಿದ್ದಳು. ಆ ಎಲ್ಲ ಸದ್ದಿನ ಒಳಗೆ ಅಕ್ಕ ಒಬ್ಬಳೇ, ಆರಾಮವಾಗಿ, ಈಗ ಸ್ವಲ್ಪ ದೊಡ್ಡದಾಗಿಯೇ ಇರಬೇಕು, ಹೇಳಿಕೊಳ್ಳುತ್ತಿದ್ದಳು. ಕೇಳಿಸಿಕೊಳ್ಳುವವರು ಯಾರೂ ಇಲ್ಲ, ತಿದ್ದುವವರು ಯಾರೂ ಇಲ್ಲ. ಎಲ್ಲಿ ಉಸಿರು ತೆಗೆದುಕೊಳ್ಳುತ್ತಾಳೆಂದು ಅವನು ತುಟಿಗಳನ್ನೇ ನೋಡಿದ. ಅಷ್ಟರಲ್ಲಿ ಬಸ್ಸು ಮುಂದಕ್ಕೆ ಹೋಯಿತು.

ದಾಟಿಹೋಗಬಹುದಿತ್ತು. ಮುಂದಿನ ನಿಲ್ದಾಣದಲ್ಲಿ ನಿಂತು ಕೈ ತೋರಿಸಿ ಇಳಿಸಿಕೊಳ್ಳಬಹುದಿತ್ತು. ಅವಳು ಇಳಿದೂ ಇಳಿಯುತ್ತಿದ್ದಳು, ಬೇಡ ಎಂದು ಕೊನೆಯವರೆಗೂ ಹಟ ಹಿಡಿಯಲು ಅವಳಿಗೆ ಬರುವುದಿಲ್ಲ. ಅವನು ದಾಟಲಿಲ್ಲ. ಬಸ್ಸಿನ ಹಿಂದೆ ಬಂದು, ಅದು ಹೋದ ಹಾಗೆ ಹೋದ. ಕಾರಿನೊಳಗೆ ತಣ್ಣಗೆ, ಏನೂ ಕೇಳಿಸದಂತೆ ಇತ್ತು. ಅವನು ಎರಡೂ ಕಡೆಯ ಗಾಜುಗಳನ್ನು ಪೂರ್ತಿ ಇಳಿಸಿದ. ಬಸ್ಸಿನ ಹೊಗೆ, ರಸ್ತೆಯ ಝಳ, ಗದ್ದಲ ಎಲ್ಲವೂ ಒಮ್ಮೆಗೇ ಒಳಗೆ ನುಗ್ಗಿ ಮುಖಕ್ಕೆ ಬಡಿದವು, ಕಣ್ಣು ಉರಿಯಿತು. ಅದರಲ್ಲಿ ಅವಳ ದನಿಯ ಒಂದು ಎಳೆಯೂ ಇರಲಾರದೆಂದು ಗೊತ್ತಿದ್ದೂ ಕಿವಿಗೊಟ್ಟ. ಬಸ್ಸು ಒಂದು ನಿಲ್ದಾಣದಲ್ಲಿ ನಿಂತಿತು. ಅವನೂ ಹಿಂದೆ ನಿಂತ. 'ಓಯ್, ಬಸ್ಸಿಗೆ ಬಾಲ ಕಟ್ಕೊಂಡಿದ್ದೀಯೇನಯ್ಯಾ, ಮುಂದೆ ಹೋಗು!' ಎಂದು ಹಿಂದಿನಿಂದ ಯಾರೋ ಕೂಗಿದರು. ಯಾರೋ ಇಳಿದರು, ಯಾರೋ ಮೂಟೆ ಎತ್ತಿ ಹತ್ತಿಸುತ್ತಿದ್ದರು, ಅದು ಬಾಗಿಲಲ್ಲಿ ಸಿಕ್ಕಿಕೊಂಡಿತ್ತು. ಮನೆ ಇನ್ನೂ ದೂರವಿತ್ತು. ಅವನು ಸ್ಟಿಯರಿಂಗಿನ ಮೇಲೆ ಎರಡೂ ಕೈಯಿಟ್ಟು, ಬಸ್ಸು ಹೊರಡಲೆಂದು ಕಾದ.